ಕೇಳಲು ಯಾರೂ ಇಲ್ಲದ ಹೊತ್ತಿನಲ್ಲಿ ಯಂತ್ರ ಏನು ಮಾಡಬೇಕು?

ವರ್ಷಕ್ಕೆ ಎರಡು ಸಲ ನಮ್ಮ ಉಪಗ್ರಹಗಳಿಗೆ ಕತ್ತಲಾಗುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಒಂದೊಂದು ಸಲಕ್ಕೆ ಸುಮಾರು 45 ದಿನ, ಅವು ದಿನಾ ಭೂಮಿಯ ನೆರಳಿನೊಳಗೆ ಹಾದುಹೋಗುತ್ತವೆ. ತುಂಬಾ ಜಾಸ್ತಿ ಎಂದರೆ 72 ನಿಮಿಷ. ಅಷ್ಟು ಹೊತ್ತು ಸೌರ ಫಲಕದ ಮೇಲೆ ಬಿಸಿಲು ಬೀಳುವುದಿಲ್ಲ. ಬ್ಯಾಟರಿಯಲ್ಲೇ ಜೀವ ಹಿಡಿದುಕೊಂಡಿರಬೇಕು. ನಮಗೆ ಇಲ್ಲಿ ಆಗ ನಡುರಾತ್ರಿ. ಊರೆಲ್ಲ ಮಲಗಿರುತ್ತದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ, ದೊಡ್ಡ ಬಿಳಿ ಆಂಟೆನಾಗಳ ಪಕ್ಕದ ಕೋಣೆಗಳಲ್ಲಿ ಮಾತ್ರ ಕೆಲವರು ಎಚ್ಚರ ಇರುತ್ತಾರೆ.

ಅದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ನಮ್ಮೂರಿನ ಬಾಯಲ್ಲಿ ಎಂಸಿಎಫ್. 1982ರಿಂದ ಅಲ್ಲಿದೆ. ನೆಲದಿಂದ 35,786 ಕಿ.ಮೀ. ಮೇಲೆ, ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಕಡೆ ನಿಂತ ಹಾಗೆ ಕಾಣುವ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುತ್ತಾರೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಸೂರ್ಯ, ಚಂದ್ರ ಎಳೆದು ಉಪಗ್ರಹವನ್ನು ಸ್ವಲ್ಪ ಸ್ವಲ್ಪ ಸರಿಸುತ್ತಿರುತ್ತವೆ. ಮತ್ತೆ ಮತ್ತೆ ಸಣ್ಣಗೆ ತಳ್ಳಿ ಜಾಗಕ್ಕೆ ತರಬೇಕು. ಬಿಸಿ ಎಷ್ಟಿದೆ, ಬ್ಯಾಟರಿ ಎಷ್ಟಿದೆ, ಇಂಧನ ಎಷ್ಟು ಉಳಿದಿದೆ ಎಂದು ನೋಡುತ್ತಲೇ ಇರಬೇಕು. ಆ ಕೆಲಸದವರು ಇದಕ್ಕೆ ಉಪಗ್ರಹದ 'ಹೆಲ್ತ್' ಎನ್ನುತ್ತಾರೆ.

ನಾನು ಕಥೆ ಬರೆಯುವವಳು. ಶನಿ ಗ್ರಹದ ಕಡೆ ಹೋಗುವ ಒಂದು ನೌಕೆಯ ಕಥೆ ಬರೆಯುತ್ತಿದ್ದೆ. ಒಳಗೆ ಮನುಷ್ಯರಿಲ್ಲ. ನೌಕೆಯನ್ನು ಕಾಯುವ ಒಂದು ಯಂತ್ರಜೀವಿ ಇದೆ. ದೂರದ ನೌಕೆಗಳ ಮಾತನ್ನು ಕೇಳಿಸಿಕೊಳ್ಳುವ ದೊಡ್ಡ ಆಂಟೆನಾ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಊರಿನ ಮೇಲಿನ ಪ್ರೀತಿಗೆ ಕಥೆಯಲ್ಲಿ ಆ ಕೆಲಸವನ್ನು ಹಾಸನಕ್ಕೆ ತಂದುಕೊಂಡೆ. ಮೊದಲ ಕರಡಿನಲ್ಲಿ ಆ ಯಂತ್ರ ಹಾಸನದ ಹುಡುಗಿಯೊಬ್ಬಳ ಜೊತೆ ರಾತ್ರಿಯಿಡೀ ಮಾತಾಡುತ್ತಿತ್ತು. ಅವಳು ಕೇಳುತ್ತಾಳೆ, ಅದು ಹೇಳುತ್ತದೆ. ಪಕ್ಕದ ಮನೆಯವರು ಕಾಂಪೌಂಡಿನ ಆಚೆ ಈಚೆ ನಿಂತು ಮಾತಾಡಿದ ಹಾಗೆ.

ಇಂಥ ಕೆಲಸದಲ್ಲಿ ವರ್ಷಗಟ್ಟಲೆ ಇದ್ದು ನಿವೃತ್ತರಾದ ಹಿರಿಯರೊಬ್ಬರಿಗೆ ಓದಲು ಕೊಟ್ಟೆ. ಅವರು ಪೂರ್ತಿ ಓದಿ, ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದೇ ಪ್ರಶ್ನೆ ಬರೆದಿದ್ದರು: "ಉತ್ತರ ಬರೋಕೆ ಎಷ್ಟು ಹೊತ್ತಾಯ್ತು?"

ಆ ಒಂದು ಪ್ರಶ್ನೆ ಹಿಡಿದು ಹೋದಾಗಲೇ ಯಂತ್ರಕ್ಕೆ ಸ್ವಭಾವ ಎಲ್ಲಿಂದ ಬರುತ್ತದೆ ಎನ್ನುವುದು ನನಗೆ ತಿಳಿದದ್ದು. ಬಾಹ್ಯಾಕಾಶದ ಕಥೆ ಓದುವವರಿಗೆ, ಬರೆಯುವ ಆಸೆ ಇರುವ ಮಕ್ಕಳಿಗೆ ಅದನ್ನೇ ಬಿಡಿಸಿ ಹೇಳಬೇಕು ಅನಿಸಿದೆ.

ಮೊದಲು ದೂರದ ಲೆಕ್ಕ. ನಮ್ಮ ಮಾತು ನೌಕೆಗೆ ಹೋಗುವುದು ರೇಡಿಯೋ ಅಲೆಯಾಗಿ. ಅದರ ವೇಗ ಬೆಳಕಿನ ವೇಗವೇ. ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಅದಕ್ಕಿಂತ ಜೋರಾಗಿ ಯಾವ ಮಾತೂ ಹೋಗುವುದಿಲ್ಲ. ಹಾಸನದಿಂದ ಉಪಗ್ರಹಕ್ಕೆ ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತು ಸಾಕು. ಗೊತ್ತೇ ಆಗುವುದಿಲ್ಲ. ಚಂದ್ರನಿಗೆ 1.3 ಸೆಕೆಂಡು. ಮಂಗಳಕ್ಕೆ, ಅದು ಎಲ್ಲಿದೆ ಎನ್ನುವುದರ ಮೇಲೆ, 3 ನಿಮಿಷದಿಂದ 22 ನಿಮಿಷ. ಶನಿಗೆ ಸುಮಾರು 80 ನಿಮಿಷ. ಅದೂ ಬರೀ ಹೋಗುವುದಕ್ಕೆ. ಉತ್ತರ ವಾಪಸ್ ಬರಲು ಇನ್ನೊಂದು 80.

ಇದು ಬರೀ ಕಾಯುವ ಕಷ್ಟ ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವ ಬಸ್ಸನ್ನು ನೆನೆಸಿಕೊಳ್ಳಿ. ಡ್ರೈವರ್ ಬಸ್ಸಿನಲ್ಲಿ ಇಲ್ಲ, ಹಾಸನದಲ್ಲಿ ಕೂತಿದ್ದಾನೆ. ಅವನ ಮುಂದಿನ ಪರದೆಯಲ್ಲಿ ಕಾಣುವುದು 20 ನಿಮಿಷ ಹಿಂದಿನ ರಸ್ತೆ. ಅವನು ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗುವುದು ಇನ್ನೂ 20 ನಿಮಿಷದ ಮೇಲೆ. ಮೊದಲ ತಿರುವಿನಲ್ಲೇ ಬಸ್ಸು ಕೆಳಗಿರುತ್ತದೆ. ಡ್ರೈವರ್ ಎಷ್ಟೇ ಜಾಣನಾಗಿದ್ದರೂ ಅಷ್ಟೇ. ಬಸ್ಸಿಗೆ ಅದರದೇ ಕಣ್ಣು ಬೇಕು. ಎಲ್ಲಿ ಬ್ರೇಕ್ ಹಾಕಬೇಕು ಎನ್ನುವ ಬುದ್ಧಿಯೂ ಬಸ್ಸಿನಲ್ಲೇ ಇರಬೇಕು.

ಚಂದ್ರ ಹತ್ತಿರವೇ, ಅಲ್ವಾ? ಅಲ್ಲಿಯೂ ಇದೇ ಕಥೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಇಳಿಯಲು ಶುರು ಮಾಡಿದಾಗ ಅದರ ವೇಗ ಸೆಕೆಂಡಿಗೆ ಸುಮಾರು 1.7 ಕಿ.ಮೀ. ಇತ್ತು. ನಾವು ನೋಡಿ, ಹೇಳಿ, ಅದು ಕೇಳಿಸಿಕೊಳ್ಳುವಷ್ಟರಲ್ಲಿ 2.6 ಸೆಕೆಂಡು ಹೋಗುತ್ತದೆ. ಅಷ್ಟರಲ್ಲಿ ಅದು 4 ಕಿ.ಮೀ. ಮುಂದೆ ಹೋಗಿಯಾಗಿರುತ್ತದೆ. ಹಾಗಾಗಿ ಕೊನೆಯ 19 ನಿಮಿಷ ಎಲ್ಲವನ್ನೂ ಅದಕ್ಕೇ ಬಿಟ್ಟಿದ್ದರು. ಎಂಜಿನ್ ಎಷ್ಟು ಉರಿಸಬೇಕು, ಎಷ್ಟು ವಾಲಬೇಕು, ಕೆಳಗಿನ ನೆಲ ಸಮ ಇದೆಯಾ ಇಲ್ಲವಾ, ಎಲ್ಲ ಅದರದೇ ತೀರ್ಮಾನ. ಬೆಂಗಳೂರಿನಲ್ಲಿದ್ದವರು ಸುಮ್ನೆ ಕೂತು ನೋಡಬೇಕಿತ್ತು. ಮಗಳನ್ನು ಪರೀಕ್ಷೆ ಹಾಲಿಗೆ ಕಳಿಸಿ ಗೇಟಿನ ಹತ್ತಿರ ನಿಂತ ಅಪ್ಪ ಅಮ್ಮನ ಹಾಗೆ. 6 ಗಂಟೆ 4 ನಿಮಿಷಕ್ಕೆ ಅದು ಇಳಿಯಿತು.

2014ರ ಸೆಪ್ಟೆಂಬರ್ 24ರಂದು ಮಂಗಳಯಾನದ್ದು ಇನ್ನೂ ಕಷ್ಟದ ಕೆಲಸ. ಮಂಗಳದ ಸುತ್ತ ಸಿಕ್ಕಿಕೊಳ್ಳಲು ಅದು ಸುಮಾರು 24 ನಿಮಿಷ ಎಂಜಿನ್ ಉರಿಸಬೇಕಿತ್ತು. ಅಲ್ಲಿಂದ ಸುದ್ದಿ ಬರಲು ಆ ದಿನ ಹನ್ನೆರಡೂವರೆ ನಿಮಿಷ. ಎಂಜಿನ್ ಹತ್ತಿಕೊಂಡಿತು ಎಂದು ಇಲ್ಲಿ ಗೊತ್ತಾಗುವ ಹೊತ್ತಿಗೆ ಅಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಸಾಲದ್ದಕ್ಕೆ ನಡುವೆ ಅದು ಮಂಗಳದ ಹಿಂದೆ ಮರೆಯಾಯಿತು. ಏನೇನು ಮಾಡಬೇಕು ಎಂದು ಕೆಲವು ದಿನ ಮೊದಲೇ ಹೇಳಿ ಕಳಿಸಿದ್ದರು. ಮರೆಯಲ್ಲಿ ಅದು ಒಂಟಿಯಾಗಿಯೇ ಮಾಡಿ ಮುಗಿಸಿತು.

ಹಾಗಾದರೆ ಅಂಥ ಯಂತ್ರದ ತಲೆಯೊಳಗೆ ಏನಿರುತ್ತದೆ? ಮೊದಲನೆಯದು ಬಾಯಿಪಾಠ. ಇಷ್ಟು ಹೊತ್ತಿಗೆ ಇದನ್ನು ಮಾಡು, ಆಮೇಲೆ ಅದನ್ನು ಮಾಡು. ಇದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಎರಡನೆಯದು ನನಗೆ ತುಂಬಾ ಇಷ್ಟವಾದದ್ದು: ಏನಾದರೂ ಕೆಟ್ಟರೆ ಏನು ಮಾಡಬೇಕು ಎನ್ನುವ ಬುದ್ಧಿ. ಎಂಜಿನಿಯರುಗಳು ಇದನ್ನು ಸೇಫ್ ಮೋಡ್ ಎನ್ನುತ್ತಾರೆ.

ಹಾಸನಾಂಬೆಯ ದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆ ಜನಜಂಗುಳಿಗೆ ಹೋಗುವ ಮೊದಲೇ ಅಮ್ಮ ಹೇಳಿರುತ್ತಾಳೆ. "ಕೈ ತಪ್ಪಿದರೆ ನನ್ನನ್ನು ಹುಡುಕಿಕೊಂಡು ಓಡಾಡಬೇಡ. ಕಮಾನಿನ ಹತ್ತಿರ ಬಂದು ನಿಂತುಕೋ. ನಾನೇ ಬರ್ತೀನಿ." ಸೇಫ್ ಮೋಡ್ ಅಂದರೆ ಇಷ್ಟೇ. ತನಗೆ ಅರ್ಥವಾಗದ ತೊಂದರೆ ಬಂದರೆ ನೌಕೆ ಬೇಡದ ಉಪಕರಣಗಳನ್ನೆಲ್ಲ ಆರಿಸುತ್ತದೆ. ಸೌರ ಫಲಕವನ್ನು ಬಿಸಿಲಿಗೆ ಒಡ್ಡುತ್ತದೆ. ಆಂಟೆನಾವನ್ನು ಭೂಮಿಯ ಕಡೆ ತಿರುಗಿಸುತ್ತದೆ. ಆಮೇಲೆ ಸುಮ್ಮನಿದ್ದು ಕಾಯುತ್ತದೆ. ಗಾಬರಿಯಲ್ಲಿ ಏನೋ ಮಾಡಲು ಹೋಗಿ ಇನ್ನೇನೋ ಕೆಡಿಸಿಕೊಳ್ಳುವುದಿಲ್ಲ.

2023ರ ಜುಲೈನಲ್ಲಿ, ಗ್ರಹಗಳನ್ನೆಲ್ಲ ದಾಟಿ ಹೋಗಿರುವ ನಾಸಾದ ವಾಯೇಜರ್-2 ನೌಕೆಗೆ ತಪ್ಪು ಆದೇಶವೊಂದು ಹೋಯಿತು. ಅದರ ಆಂಟೆನಾ ಭೂಮಿಯಿಂದ 2 ಡಿಗ್ರಿ ಆಚೆ ತಿರುಗಿಬಿಟ್ಟಿತು. ಬರೀ 2 ಡಿಗ್ರಿ. ಆದರೆ ಅಷ್ಟು ದೂರದಿಂದ ಅದು ಮಾತು ಪೂರ್ತಿ ನಿಂತುಹೋದ ಹಾಗೆಯೇ. ಸಮಾಧಾನದ ವಿಷಯ ಒಂದಿತ್ತು. ವರ್ಷದಲ್ಲಿ ಕೆಲವು ಸಲ ಸೂರ್ಯನನ್ನು, ಒಂದು ನಕ್ಷತ್ರವನ್ನು ನೋಡಿಕೊಂಡು ತಾನೇ ಭೂಮಿಯ ದಿಕ್ಕನ್ನು ಮತ್ತೆ ಹುಡುಕಿಕೊಳ್ಳಬೇಕು ಎಂದು ಅದಕ್ಕೆ ಹೇಳಿಕೊಟ್ಟಿದ್ದರು. ಹಾಗೆ ಹುಡುಕಿಕೊಳ್ಳುವ ಮುಂದಿನ ಸರದಿ ಇದ್ದದ್ದು ಅಕ್ಟೋಬರ್ 15ಕ್ಕೆ. ಆದರೆ ಭೂಮಿಯಲ್ಲಿದ್ದವರಿಗೆ ಅಲ್ಲಿಯವರೆಗೆ ಕಾಯಲು ಮನಸ್ಸಾಗಲಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ದೊಡ್ಡ ಆಂಟೆನಾದಿಂದ ಜೋರಾಗಿ ಒಂದು ಕೂಗು ಹಾಕಿದರು. ಕೂಗು ತಲುಪಲು ಹದಿನೆಂಟೂವರೆ ಗಂಟೆ, ಓಗೊಟ್ಟದ್ದು ಕೇಳಿಸಲು ಇನ್ನೊಂದು ಹದಿನೆಂಟೂವರೆ ಗಂಟೆ. ಆಗಸ್ಟ್ 4ರಂದು ಅದು ಓಗೊಟ್ಟಿತು.

ಆ ನೌಕೆಯಲ್ಲಿ ಒಂದು ಚಿನ್ನದ ಲೇಪದ ತಟ್ಟೆ ಇದೆ. 55 ಭಾಷೆಗಳಲ್ಲಿ ಶುಭಾಶಯ ಇದೆ. ಅದರಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ಒಂದು ದನಿ 1977ರಿಂದ ಸೂರ್ಯನಿಂದ ದೂರ ಹೋಗುತ್ತಲೇ ಇದೆ. ಕ್ಯಾನ್‌ಬೆರಾದಿಂದ ಕೂಗಿದ್ದು ಆ ದನಿಯನ್ನು ಹೊತ್ತ ಯಂತ್ರವನ್ನು ಎಂದು ನೆನೆದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಹಾಸನಾಂಬೆಯ ವಿಷಯ ಬಂತಲ್ಲ, ಇನ್ನೊಂದು ಮಾತು. ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವು ದಿನ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆರೆದಾಗಲೂ ಉರಿಯುತ್ತಿರುತ್ತದೆ ಎನ್ನುವುದು ನಮ್ಮ ಜನರ ನಂಬಿಕೆ. ಯುರೋಪಿನ ರೊಸೆಟ್ಟಾ ನೌಕೆಯ ಬಗ್ಗೆ ಓದುವಾಗ ನನಗೆ ಆ ದೀಪವೇ ಕಣ್ಣ ಮುಂದೆ ಬಂದಿತ್ತು. ಒಂದು ಧೂಮಕೇತುವನ್ನು ಹಿಡಿಯಲು ಹೊರಟ ಆ ನೌಕೆ ಸೂರ್ಯನಿಂದ ತುಂಬಾ ದೂರ ಹೋಗಬೇಕಿತ್ತು. ಅಲ್ಲಿ ಬಿಸಿಲು ಸಾಲದು. 2011ರ ಜೂನ್‌ನಲ್ಲಿ ಅದನ್ನು ಮಲಗಿಸಿದರು. ಒಳಗಿನ ಗಡಿಯಾರ ಮತ್ತು ಒಂದಿಷ್ಟು ಹೀಟರ್‌ಗಳಂಥ ತೀರಾ ಬೇಕಾದವನ್ನು ಬಿಟ್ಟರೆ ಹೆಚ್ಚು ಕಡಿಮೆ ಎಲ್ಲ ಬಂದ್. 957 ದಿನ ಒಂದು ಮಾತೂ ಇಲ್ಲ. 2014ರ ಜನವರಿ 20ರಂದು ಅದರೊಳಗಿನ ಅಲಾರಂ ಹೊಡೆದುಕೊಂಡಿತು. ಎದ್ದಿತು. ಮೈ ಬೆಚ್ಚಗೆ ಮಾಡಿಕೊಂಡಿತು. ನಕ್ಷತ್ರ ನೋಡಿ ತಾನು ಹೇಗೆ ತಿರುಗಿದ್ದೇನೆ ಎಂದು ತಿಳಿದುಕೊಂಡಿತು. ಆಮೇಲೆ ಭೂಮಿಯ ಕಡೆ ತಿರುಗಿ ತಾನಿದ್ದೇನೆ ಎಂದು ಹೇಳಿತು.

ಇಷ್ಟೂ ನಿಜ. ಕಥೆಗಾರರು ಸೇರಿಸಿದ್ದು ಏನೂ ಇಲ್ಲ.

ಮೂರನೆಯ ಬುದ್ಧಿ ಆರಿಸಿಕೊಳ್ಳುವ ಬುದ್ಧಿ. ಮಂಗಳದ ಮೇಲಿನ ಕ್ಯೂರಿಯಾಸಿಟಿ ಎಂಬ ಬಂಡಿಯಲ್ಲಿ ಒಂದು ತಂತ್ರಾಂಶ ಇದೆ. ಸುತ್ತಲಿನ ಚಿತ್ರ ನೋಡಿ, ಯಾವ ಕಲ್ಲಿಗೆ ಲೇಸರ್ ಹೊಡೆದು ಪರೀಕ್ಷೆ ಮಾಡಬೇಕು ಎಂದು ಅದೇ ಆರಿಸುತ್ತದೆ. ಭೂಮಿಯಿಂದ ಯಾರೂ ಈ ಕಲ್ಲು ಎಂದು ತೋರಿಸಬೇಕಿಲ್ಲ. ಯಾವುದು ಮುಖ್ಯ ಎಂದು ಹೇಳಿಕೊಟ್ಟವರು ಮನುಷ್ಯರೇ. ಆದರೆ ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಆರಿಸುವುದು ಅದೇ.

ಆರಿಸುವುದು ಅಂದ ಕೂಡಲೇ ಸ್ವಭಾವದ ಮಾತು ಬರುತ್ತದೆ. ನನ್ನ ತವರು ಸಕಲೇಶಪುರದ ಕಡೆ. ಜುಲೈ ಮಳೆಗೆ ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕರೆಂಟ್ ಇಲ್ಲ. ಇನ್ವರ್ಟರ್‌ನಲ್ಲಿ ಉಳಿದಿರುವುದು ಸ್ವಲ್ಪ. ಆಗ ಮನೆಯಲ್ಲಿ ಏನು ಮೊದಲು ಆರುತ್ತದೆ, ಏನು ಕೊನೆಯವರೆಗೆ ಉರಿಯುತ್ತದೆ ಎಂದು ನೋಡಿ. ಟಿವಿ ಮೊದಲು ಹೋಗುತ್ತದೆ. ಆಮೇಲೆ ಫ್ರಿಜ್. ಅಜ್ಜಿ ರಾತ್ರಿ ಬಚ್ಚಲಿಗೆ ಹೋಗುವ ದಾರಿಯ ಒಂದು ಬಲ್ಬು ಮಾತ್ರ ಬೆಳಗಿನವರೆಗೂ ಇರುತ್ತದೆ. ಅದನ್ನು ಯಾರೂ ಕೂತು ಚರ್ಚೆ ಮಾಡಿ ತೀರ್ಮಾನ ಮಾಡಿದ್ದಲ್ಲ. ಆದರೆ ಆ ಬಲ್ಬಿನಿಂದ ಆ ಮನೆಯವರು ಎಂಥವರು ಎಂದು ಗೊತ್ತಾಗುತ್ತದೆ. ಎಲ್ಲವೂ ಸಾಕಷ್ಟು ಇರುವಾಗ ಯಾರ ಗುಣವೂ ಕಾಣುವುದಿಲ್ಲ.

ಬಾಹ್ಯಾಕಾಶದಲ್ಲಿ ಯಾವಾಗಲೂ ಜುಲೈ ತಿಂಗಳೇ. ವಾಯೇಜರ್‌ಗಳ ವಿದ್ಯುತ್ ವರ್ಷಕ್ಕೆ ಸುಮಾರು 4 ವ್ಯಾಟ್ ಕಮ್ಮಿಯಾಗುತ್ತಾ ಬಂದಿದೆ. ಎಂಜಿನಿಯರುಗಳು ಒಂದೊಂದೇ ಹೀಟರ್, ಒಂದೊಂದೇ ಉಪಕರಣ ಬಂದ್ ಮಾಡುತ್ತಾ ಬಂದಿದ್ದಾರೆ. ಯಾವುದನ್ನು ಎಂದು ಅಲ್ಲಿ ಆರಿಸುವವರು ಮನುಷ್ಯರು. ಆ ಕೆಲಸ ಯಂತ್ರದ ಪಾಲಿಗೇ ಬಂದರೆ? ಕಥೆ ಶುರುವಾಗುವುದು ಅಲ್ಲಿಂದ.

ಹೊಸದಾಗಿ ಬರೆಯುವವರು ಯಂತ್ರಕ್ಕೆ ಸ್ವಭಾವ ಕೊಡಲು ಮೊದಲು ಅದಕ್ಕೆ ದನಿ ಕೊಡುತ್ತಾರೆ, ದೊಡ್ಡ ಕಣ್ಣು ಕೊಡುತ್ತಾರೆ, ತಮಾಷೆ ಮಾತು ಕೊಡುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಅದು ಸಾಲುವುದಿಲ್ಲ. ಅದಕ್ಕೆ ಎರಡು ಒಳ್ಳೆಯ ಕೆಲಸ ಕೊಡಿ. ಒಂದಕ್ಕೆ ಮಾತ್ರ ಸಾಲುವಷ್ಟು ವಿದ್ಯುತ್ ಕೊಡಿ. ಕೇಳಲು ಯಾರೂ ಇಲ್ಲದಷ್ಟು ದೂರ ಕಳಿಸಿ. ಅದು ಏನು ಮಾಡುತ್ತದೆ ಎಂದು ನೋಡಿ. ಸ್ವಭಾವ ತಾನಾಗಿಯೇ ಹೊರಗೆ ಬರುತ್ತದೆ.

ರೋಬೋ ಎಂಬ ಪದ ಬಂದದ್ದು 1920ರಲ್ಲಿ, ಒಂದು ಚೆಕ್ ನಾಟಕದಿಂದ. ಅದರ ಮೂಲ ಪದದ ಅರ್ಥ ಬಿಟ್ಟಿ ಚಾಕರಿ. ಹುಟ್ಟಿನಲ್ಲೇ ಅದಕ್ಕೆ ಆಳಿನ ಪಟ್ಟ. ಆಳು ಒಂದು ದಿನ ಒಡೆಯನ ಮೇಲೆ ತಿರುಗಿ ಬೀಳುತ್ತಾನೆ ಎನ್ನುವ ಭಯದ ಕಥೆಗಳು ಅಲ್ಲಿಂದ ಸಾಲಾಗಿ ಬಂದವು. ಆ ಭಯದಲ್ಲಿ ಕಾರಣ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಇನ್ನೊಂದು ಹೆಸರೂ ಹುಟ್ಟಿದೆ. ಗಗನಯಾನದಲ್ಲಿ ಮನುಷ್ಯರಿಗಿಂತ ಮೊದಲು ಕಳಿಸಲು ಇಸ್ರೋ ಮಾಡಿದ, 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದ ಯಂತ್ರಕ್ಕೆ ವ್ಯೋಮಮಿತ್ರ ಎಂದು ಹೆಸರಿಟ್ಟರು. ಅದಕ್ಕೆ ಕಾಲಿಲ್ಲ. ತೂಕವೇ ಇಲ್ಲದ ಕಡೆ ನಡೆಯುವ ಅಗತ್ಯ ಇಲ್ಲವಲ್ಲ. ನೌಕೆಯೊಳಗಿನ ಸ್ಥಿತಿ ಹೇಗಿದೆ ಎಂದು ಗಮನಿಸುವುದು, ಸ್ವಿಚ್ಚು ಒತ್ತುವುದು, ಕೇಳಿದ್ದಕ್ಕೆ ಉತ್ತರ ಕೊಡುವುದು ಅದರ ಕೆಲಸ. ಮಿತ್ರ ಅಂದಿದ್ದಾರೆ. ಆಳು ಅಂದಿಲ್ಲ. ಕಥೆ ಬರೆಯುವವರಿಗೆ ಇದು ದೊಡ್ಡ ವ್ಯತ್ಯಾಸ.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ಇವತ್ತಿನ ಯಾವ ಯಂತ್ರಕ್ಕೂ ನೋವು, ಒಂಟಿತನ, ಸಂತೋಷ ಇದೆ ಎಂದು ಯಾರೂ ತೋರಿಸಿಕೊಟ್ಟಿಲ್ಲ. ಚಂದ್ರಯಾನ-3ರ ಪ್ರಜ್ಞಾನ್ ತನ್ನ ಮುಂದೆ 4 ಮೀಟರ್ ಅಗಲದ ಗುಂಡಿ ಕಂಡಿತು ಅಂದರೆ ಅದಕ್ಕೆ ಎದೆ ಧಸಕ್ ಎಂದಿಲ್ಲ. ಇಲ್ಲಿದ್ದವರು ಹಿಂದಕ್ಕೆ ಬಾ ಎಂದರು, ಅದು ಬಂತು. ಅಷ್ಟೇ. ಮಕ್ಕಳಿಗೆ ಇದನ್ನು ಮುಚ್ಚಿಡಬಾರದು.

ಆದರೂ ಬೇಲೂರಿಗೆ ಹೋದವರು ದರ್ಪಣ ಸುಂದರಿಯ ಮುಂದೆ ನಿಂತು ಏನನ್ನುತ್ತಾರೆ? "ಜೀವ ಇರೋ ಹಾಗಿದೆ" ಅನ್ನುತ್ತಾರೆ. ಅದು ಕಲ್ಲು ಎಂದು ಎಲ್ಲರಿಗೂ ಗೊತ್ತು. ಕೆತ್ತಿದವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅಲ್ಲಿನ ಶಿಲ್ಪಿಗಳಲ್ಲಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲೇ ಬಿಟ್ಟು ಹೋಗಿದ್ದಾರೆ. ಆ ಶಿಲ್ಪಗಳಿಗೆ ಜೀವಕಳೆ ಬಂದದ್ದು ಮೂಗು ಬಾಯಿ ಇರುವುದರಿಂದಲ್ಲ. ಪ್ರತಿಯೊಬ್ಬಳೂ ಏನೋ ಒಂದು ಕೆಲಸದ ನಡುವೆ ಇದ್ದಾಳೆ. ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ, ಬೇಟೆಗೆ ಹೊರಟಿದ್ದಾಳೆ, ಕುಣಿಯುತ್ತಿದ್ದಾಳೆ. ಮಾಡುತ್ತಿರುವ ಕೆಲಸದಲ್ಲಿ ಅವಳ ಮನಸ್ಸು ಕಾಣುತ್ತದೆ. ಯಂತ್ರಜೀವಿಯನ್ನೂ ಹಾಗೆಯೇ ಕೆತ್ತಬೇಕು.

ನಾವು ಕೆತ್ತುವುದನ್ನು ನಿಲ್ಲಿಸುವುದೂ ಇಲ್ಲ. ಮಂಗಳದ ಮೇಲಿನ ಆಪರ್ಚುನಿಟಿ 90 ಮಂಗಳ ದಿನ ಕೆಲಸ ಮಾಡಿದರೆ ಸಾಕು ಎಂದು ಕಳಿಸಿದ ಬಂಡಿ. 2004ರಲ್ಲಿ ಇಳಿದು 2018ರ ಜೂನ್‌ವರೆಗೆ ದುಡಿಯಿತು. 45 ಕಿ.ಮೀ. ಓಡಾಡಿತು. ಹಾಸನದಿಂದ ಸಕಲೇಶಪುರಕ್ಕೆ ಹೋದ ಹಾಗೆ. ಕೊನೆಗೆ ದೊಡ್ಡ ಧೂಳಿನ ಬಿರುಗಾಳಿ ಬಂದು ಬಿಸಿಲು ಮುಚ್ಚಿತು. ಅದು ಕಳಿಸಿದ್ದು ಬರೀ ಅಂಕಿಗಳು. ವಿದ್ಯುತ್ ಇಷ್ಟಿದೆ, ಆಕಾಶ ಇಷ್ಟು ಮಬ್ಬಾಗಿದೆ ಎಂದು. ಒಬ್ಬ ಪತ್ರಕರ್ತ ಆ ಅಂಕಿಗಳನ್ನು ಮಾತಿಗೆ ತಿರುಗಿಸಿ, ಬ್ಯಾಟರಿ ಕಮ್ಮಿಯಾಗಿದೆ, ಕತ್ತಲಾಗುತ್ತಿದೆ ಎಂದು ಬರೆದರು. ಜಗತ್ತೇ ಅತ್ತಿತು. ಅದು ಆ ಬಂಡಿಯ ಮಾತು ಎಂದೇ ತುಂಬಾ ಜನ ನಂಬಿದ್ದಾರೆ. ನನಗೆ ಆ ಸಾಲಿಗಿಂತ ಅಂಕಿಗಳೇ ಹೆಚ್ಚು ತಟ್ಟಿದವು. ಬಿರುಗಾಳಿಯ ನಡುವೆಯೂ ಅದು ಆಕಾಶವನ್ನು ಅಳೆಯುತ್ತಿತ್ತು. ಅಳೆದದ್ದನ್ನು ಮನೆಗೆ ಕಳಿಸುತ್ತಿತ್ತು. ಓದುಗರನ್ನು ಅಳಿಸಲು ಯಂತ್ರದ ಬಾಯಲ್ಲಿ ಅಳುವಿನ ಮಾತು ಇಡಬೇಕಾಗಿಲ್ಲ.

ಇನ್ನು ಭಾಷೆ. ಯಂತ್ರಜೀವಿಯ ಕಥೆ ಬರೆಯಲು ಕನ್ನಡದಲ್ಲಿ ಒಂದು ಅನುಕೂಲ ಇದೆ. ಅವನು, ಅವಳು ಎಂದು ಮೊದಲೇ ನಿರ್ಧಾರ ಮಾಡಬೇಕಿಲ್ಲ. ನಾವು ಮಗುವಿಗೂ ಅದು ಎನ್ನುತ್ತೇವೆ. "ಮಲಗಿತ್ತು, ಈಗ ತಾನೇ ಎದ್ದಿದೆ." "ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅದು." ಹೀಗೆ ಹೇಳುವಾಗ ಮಗುವನ್ನು ವಸ್ತು ಮಾಡಿದ ಹಾಗೆ ಯಾರಿಗೂ ಅನಿಸುವುದಿಲ್ಲ. ಅಕ್ಕರೆಯೇ ಕೇಳಿಸುತ್ತದೆ. ಕಲ್ಲಿಗೂ ಅದು, ಕರುವಿಗೂ ಅದು, ಕೂಸಿಗೂ ಅದು. ಹೇಳುವವರ ದನಿಯಲ್ಲಿ ಎಲ್ಲ ತಿಳಿಯುತ್ತದೆ. ನನ್ನ ಕಥೆಯಲ್ಲಿ ನೌಕೆಯನ್ನು ಎಲ್ಲರೂ ಕೊನೆಯವರೆಗೂ ಅದು ಎಂದೇ ಕರೆಯುತ್ತಾರೆ.

ಆಶಾವಾದದ ವಿಜ್ಞಾನ ಕಥೆ ಎಂದರೆ ಏನೂ ಕೆಡದ ಕಥೆ ಎಂದು ಕೆಲವರು ಅಂದುಕೊಂಡಿದ್ದಾರೆ. ಏನೂ ಕೆಡದಿದ್ದರೆ ಆಸೆ ಇಟ್ಟುಕೊಳ್ಳುವ ಕೆಲಸವೇ ಇಲ್ಲ. ಹಾಸನದ ಕೇಂದ್ರ ಶುರುವಾದ ವರ್ಷವೇ ಬಾನಿಗೆ ಹೋದ ಇನ್ಸಾಟ್-1ಎ ಉಪಗ್ರಹ ಐದೇ ತಿಂಗಳಲ್ಲಿ, ಇಂಧನ ತೀರಿ, ಕೈ ಬಿಟ್ಟುಹೋಯಿತು. ಮರುವರ್ಷ ಆಗಸ್ಟ್ 30ರಂದು ಚಾಲೆಂಜರ್ ಶಟಲ್‌ನಲ್ಲಿ ಇನ್ಸಾಟ್-1ಬಿ ಹೋಯಿತು. ಅದರ ಸೌರ ಫಲಕ ಬಿಚ್ಚಿಕೊಳ್ಳಲಿಲ್ಲ. ಹಿಂದಿನ ವರ್ಷದ ಗಾಯ ಇನ್ನೂ ಹಸಿಯಾಗಿತ್ತು. ಎಂಜಿನಿಯರುಗಳು ಬಿಡಲಿಲ್ಲ. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಬಿಡಿಸಿದರು. ದೂರದರ್ಶನ ಊರೂರಿಗೆ ಹರಡಿದ್ದು ಅದೇ ಉಪಗ್ರಹದ ಬಲದಿಂದ. 2019ರಲ್ಲಿ ಚಂದ್ರಯಾನ-2ರ ವಿಕ್ರಮ್ ಬಿದ್ದಾಗಲೂ ಹಾಗೆಯೇ. ಮುಂದಿನ ವಿಕ್ರಮ್‌ಗೆ ಕಾಲು ಗಟ್ಟಿ ಮಾಡಿದರು, ಇಂಧನ ಜಾಸ್ತಿ ಕೊಟ್ಟರು. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಏನೇನು ತಪ್ಪಾಗಬಹುದು ಎಂದು ಮೊದಲೇ ಯೋಚಿಸಿ, ತಪ್ಪಾದರೂ ಇಳಿಯುವ ಹಾಗೆ ಮಾಡಿದರು. 2023ರ ನವೆಂಬರ್‌ನಲ್ಲಿ ವಾಯೇಜರ್-1ರ ಒಂದು ಚಿಪ್ ಕೆಟ್ಟು ಅದು ಅರ್ಥವಿಲ್ಲದ್ದು ಹೇಳತೊಡಗಿದಾಗ, ಆ ಚಿಪ್ಪಿನಲ್ಲಿದ್ದ ತಂತ್ರಾಂಶವನ್ನು ಭೂಮಿಯಿಂದಲೇ ತುಂಡು ಮಾಡಿ ಬೇರೆ ಬೇರೆ ಜಾಗದಲ್ಲಿ ಹೊಂದಿಸಿಟ್ಟರು. 2024ರ ಏಪ್ರಿಲ್‌ನಲ್ಲಿ ಅದು ಮತ್ತೆ ಸರಿಯಾಗಿ ಮಾತಾಡಿತು. ನನ್ನ ಮಟ್ಟಿಗೆ ಆಶಾವಾದ ಎಂದರೆ ಈ ರಿಪೇರಿ ಕೆಲಸವೇ.

ಈಗ ನನ್ನ ಕಥೆಗೆ ಬರುತ್ತೇನೆ. ಎರಡನೇ ಕರಡು.

ನೌಕೆಯ ಒಂದು ಸಣ್ಣ ಕೋಣೆಯಲ್ಲಿ ಕಾಫಿ ಸಸಿಗಳಿವೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎನ್ನುವ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ಕಥೆಯವರು ಬೀಜ ಕಳಿಸಲು ಆಗುತ್ತಿರಲಿಲ್ಲ. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಕಾಫಿ ಬೀಜ ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಜೀವಂತ ಗಿಡವನ್ನೇ ಬೆಳೆಸುತ್ತಾ ಒಯ್ಯಬೇಕು. ಚಳಿ ಹೊಡೆದರೆ ಗಿಡ ಹೋಯಿತು. ಇನ್ನೊಂದು ಕಡೆ ಕ್ಯಾಮೆರಾ ಇದೆ. ಶನಿಯ ಚಂದ್ರ ಎನ್ಸೆಲಡಸ್ ಹತ್ತಿರ ಬರುತ್ತಿದೆ. ಅದರ ಹಿಮದ ಬಿರುಕುಗಳಿಂದ ನೀರು ಚಿಮ್ಮುವುದನ್ನು ಹತ್ತಿರದಿಂದ ನೋಡಲೆಂದೇ ನೌಕೆ ಅಲ್ಲಿಗೆ ಹೋಗಿರುವುದು. ಮೂರನೆಯದು ಯಂತ್ರದ ಸ್ವಂತ ನೆನಪು. ಏಳು ವರ್ಷದ ದಾರಿಯದ್ದು. ಅದನ್ನು ಕಾಯುವುದಕ್ಕೂ ಬಿಸಿ ಬೇಕು.

ಒಂದು ವಿದ್ಯುತ್ ತಂತಿ ಸುಟ್ಟುಹೋಗುತ್ತದೆ. ಉಳಿದ ವಿದ್ಯುತ್ತಿನಲ್ಲಿ ಮೂರರಲ್ಲಿ ಎರಡನ್ನು ಮಾತ್ರ ಉಳಿಸಬಹುದು. ಗಿಡಕ್ಕೆ ಇರುವ ಸಮಯ 40 ನಿಮಿಷ. ಹಾಸನವನ್ನು ಕೇಳಿ ಉತ್ತರ ಪಡೆಯಲು 160 ನಿಮಿಷ.

ಮೊದಲು ನಾನು ಬರೆದದ್ದು ತ್ಯಾಗದ ಕಥೆ. ಯಂತ್ರ ತನ್ನ ನೆನಪನ್ನು ಬಿಟ್ಟುಕೊಟ್ಟು ಗಿಡ ಉಳಿಸುತ್ತದೆ. ಹಿರಿಯರು ಮತ್ತೆ ಪೆನ್ಸಿಲ್ ಹಿಡಿದರು. "ಕಾಯೋನೇ ಹೋದ್ರೆ ನಾಳೆ ಗಿಡಕ್ಕೆ ನೀರು ಹಾಕೋರು ಯಾರು?" ಅವರು ಹೇಳಿದ್ದು ಸರಿ. ಸೇಫ್ ಮೋಡ್ ಹೇಳುವುದೂ ಅದನ್ನೇ: ಮೊದಲು ನೀನು ಉಳಿ, ಉಳಿದರೆ ಉಳಿಸಬಹುದು.

ಆಗ ನಾನು ವಿದ್ಯುತ್ತಿನ ಲೆಕ್ಕ ಓದಿದೆ. ಕಂಪ್ಯೂಟರ್ ಎಷ್ಟು ವಿದ್ಯುತ್ ತಿನ್ನುತ್ತದೋ ಹೆಚ್ಚು ಕಡಿಮೆ ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುತ್ತದೆ. 60 ವ್ಯಾಟ್ ತಿಂದರೆ 60 ವ್ಯಾಟ್ ಬಿಸಿ. ಹೀಟರ್ ಕೊಡುವುದೂ ಅದೇ ಬಿಸಿ. ಈಗಿನ ಕರಡಿನಲ್ಲಿ ಯಂತ್ರ ಹೀಗೆ ಮಾಡುತ್ತದೆ. ಗಿಡದ ಕೋಣೆಯ ಗೋಡೆಗೆ ಅಂಟಿಕೊಂಡೇ ಅದರ ಎರಡನೇ ಕಂಪ್ಯೂಟರ್ ಇದೆ. ಯಂತ್ರ ಗಿಡದ ಹೀಟರನ್ನು ಬಂದ್ ಮಾಡುತ್ತದೆ. ತನ್ನ ನೆನಪನ್ನೆಲ್ಲ ಆ ಕಂಪ್ಯೂಟರಿಗೆ ತಂದುಕೊಳ್ಳುತ್ತದೆ. ಆಮೇಲೆ ಸುಮ್ಮನೆ ಇರುವುದಿಲ್ಲ, ಏಕೆಂದರೆ ಸುಮ್ಮನಿದ್ದರೆ ಬಿಸಿ ಹುಟ್ಟುವುದಿಲ್ಲ. ಏಳು ವರ್ಷದ ಒಂದೊಂದೇ ದಿನವನ್ನು ತೆಗೆದು, ತಪ್ಪಿದೆಯಾ ಎಂದು ನೋಡುತ್ತಾ, ಮತ್ತೆ ಜೋಡಿಸುತ್ತಾ ಕೂರುತ್ತದೆ. ನೆನಪು ಮಾಡಿಕೊಂಡಷ್ಟು ಹೊತ್ತೂ ಗಿಡ ಬೆಚ್ಚಗಿರುತ್ತದೆ. ಉಳಿದ ವಿದ್ಯುತ್ತು ಕ್ಯಾಮೆರಾಕ್ಕೆ.

ಎರಡು ಸಸಿಗಳ ಎಲೆ ಕಪ್ಪಾಗುತ್ತದೆ. ಅವು ಉಳಿಯುತ್ತವೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ತಾನು ಮಾಡಿದ್ದು, ಯಾಕೆ ಮಾಡಿದೆ ಎನ್ನುವುದು, ಆ ಎರಡು ಸಸಿಗಳ ವಿಷಯ, ಎಲ್ಲವನ್ನೂ ಬರೆದು ಮನೆಗೆ ಕಳಿಸುತ್ತದೆ.

80 ನಿಮಿಷದ ಮೇಲೆ ಅದು ಹಾಸನಕ್ಕೆ ಮುಟ್ಟುವಾಗ ಬೆಳಗಿನ ಜಾವ. ಹೊರಗೆ ಮಂಜು. ರಾತ್ರಿ ಪಾಳಿಯ ಹುಡುಗಿ ಎರಡು ಸಲ ಓದುತ್ತಾಳೆ. ಅಷ್ಟು ಹೊತ್ತಿಗೆ ಬೆಳಗಿನ ಪಾಳಿಯವರು ಸ್ವೆಟರ್ ಬಿಚ್ಚುತ್ತಾ ಒಳಗೆ ಬರುತ್ತಾರೆ. ರಾತ್ರಿ ಹೇಗಿತ್ತು ಎಂದು ಕೇಳುತ್ತಾರೆ.

"ಪಾಪ, ತುಂಬಾ ಕಷ್ಟಪಟ್ಟಿದೆ," ಎನ್ನುತ್ತಾಳೆ ಅವಳು. "ಗಿಡ ಉಳಿಸಿಕೊಂಡಿದೆ. ಇನ್ನೂ ಎಚ್ಚರವಾಗೇ ಇದೆ. ಹೀಟರ್ ಹಾಕಿ ಮಲಗು ಅಂತ ಹೇಳಿ ಕಳಿಸಿದ್ದೀನಿ, ಎಂಟು ಗಂಟೆ ಹೊತ್ತಿಗೆ ಅದಕ್ಕೆ ಕೇಳಿಸುತ್ತೆ."